ಸ್ನೈಪರ್ ಬೇಡ, ಶನಿವಾರ ಬರೋರು ಬೇಕು

ಆರ್ಮಾ 3 ಅನ್ನುವ ಯುದ್ಧದ ಕಂಪ್ಯೂಟರ್ ಆಟ ಆಡಲು ಶುರು ಮಾಡಿದಾಗ ನಾನು ಸೇರಿದ್ದು ಯುರೋಪಿನವರ ಒಂದು ಯೂನಿಟ್‌ಗೆ, ಅಂದರೆ ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ಗುಂಪಿಗೆ. ಅವರು ಚೆನ್ನಾಗಿಯೇ ನಡೆಸುತ್ತಿದ್ದರು, ಆದರೆ ಗಡಿಯಾರ ಹೊಂದುತ್ತಿರಲಿಲ್ಲ. ಅಲ್ಲಿ ಭಾನುವಾರ ರಾತ್ರಿ 8 ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ 12:30. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಮೇಲೆ 11:30. ಆಪರೇಷನ್ (ಆ ರಾತ್ರಿಯ ಆಟಕ್ಕೆ ನಾವು ಹಾಗೆ ಅನ್ನುವುದು) ಮುಗಿದು, ತಪ್ಪು ಒಪ್ಪುಗಳ ಮಾತು ಮುಗಿಯುವಷ್ಟರಲ್ಲಿ ಬೆಳಗಿನ ಜಾವ. ಸೋಮವಾರ ಆಫೀಸಿನ ಮೀಟಿಂಗ್‌ನಲ್ಲಿ ನನ್ನ ಮುಖ ನೋಡಿದವರೆಲ್ಲ ಹುಷಾರಿಲ್ವಾ ಅಂತ ಕೇಳುತ್ತಿದ್ದರು.

ಅದೇ ಯೂನಿಟ್‌ನಲ್ಲಿ ಹಾಗೇ ಕಣ್ಣು ಕೆಂಪಗೆ ಮಾಡಿಕೊಂಡು ಆಡುತ್ತಿದ್ದ ಇನ್ನೂ ಮೂವರು ಕನ್ನಡಿಗರು ಸಿಕ್ಕರು. ಒಬ್ಬ ಹುಬ್ಬಳ್ಳಿಯವನು, ಒಬ್ಬ ಮೈಸೂರಿನವನು, ಇನ್ನೊಬ್ಬರು ದುಬೈನಲ್ಲಿರುವ ಮಂಗಳೂರಿನ ಅಣ್ಣ. ನಮ್ಮ ಹೊತ್ತಿಗೆ ಆಡುವ ನಮ್ಮದೇ ಒಂದು ಯೂನಿಟ್ ಕಟ್ಟೋಣ ಅಂತ ಮಾತಾಯಿತು. ಶನಿವಾರ ರಾತ್ರಿ 9:30 ಅಂತ ಇಟ್ಟೆವು. ದುಬೈಗೆ 8 ಗಂಟೆ. ಲಂಡನ್ ಕಡೆಯವರಿಗೆ ಸಂಜೆ. ಅಮೆರಿಕದ ಪೂರ್ವ ಕರಾವಳಿಯವರಿಗೆ ಮಧ್ಯಾಹ್ನದ ಆಸುಪಾಸು, ಮನೆಕೆಲಸ ತಪ್ಪಿಸಿಕೊಳ್ಳಲು ಒಳ್ಳೆ ನೆಪ. ಊರಲ್ಲಿ ಇರುವವರಿಗೆ ಊಟ ಮುಗಿದಿರುತ್ತದೆ. ಯೂನಿಟ್ ಕಟ್ಟುವಾಗ ಹೆಸರು, ಲೋಗೋ, ಬ್ಯಾಡ್ಜ್ ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಈ ಹೊತ್ತು. ಉಳಿದದ್ದೆಲ್ಲ ಆಮೇಲೆ ಬದಲಾಯಿಸಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ಆರ್ಮಾ ಅನ್ನುವುದು ಬೊಹೀಮಿಯಾ ಇಂಟರಾಕ್ಟಿವ್ ಅನ್ನುವ ಜೆಕ್ ಕಂಪನಿಯ ಆಟಗಳ ಸರಣಿ. ಇದರ ಮೂಲ 2001ರಲ್ಲಿ ಅವರೇ ಮಾಡಿದ ಆಪರೇಷನ್ ಫ್ಲಾಶ್‌ಪಾಯಿಂಟ್. ಆರ್ಮಾ 3 ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ. ಅದರ ದೊಡ್ಡ ನಕ್ಷೆ ಆಲ್ಟಿಸ್, ಸುಮಾರು 270 ಚದರ ಕಿಲೋಮೀಟರ್, ಗ್ರೀಸ್‌ನ ಲೆಮ್ನೋಸ್ ದ್ವೀಪವನ್ನು ನೋಡಿ ಮಾಡಿದ್ದು. (ಆ ದ್ವೀಪದಲ್ಲಿ ಮಿಲಿಟರಿ ಜಾಗದ ಫೋಟೋ ತೆಗೆದರು ಅಂತ ಬೊಹೀಮಿಯಾದ ಇಬ್ಬರನ್ನು 2012ರಲ್ಲಿ ಬಂಧಿಸಿ ತಿಂಗಳುಗಟ್ಟಲೆ ಜೈಲಿನಲ್ಲಿ ಇಟ್ಟಿದ್ದರು. ಬಿಡುಗಡೆಯಾದದ್ದು 2013ರ ಜನವರಿಯಲ್ಲಿ.) ಈ ಆಟದ ಮೇಲೆ ಆಟಗಾರರೇ ಬರೆದ ಮಾಡ್‌ಗಳನ್ನು (ಆಟವನ್ನು ಬದಲಿಸುವ ಹೆಚ್ಚುವರಿ ಫೈಲುಗಳು) ಹಾಕಿಕೊಂಡು, ನಿಜವಾದ ಪದಾತಿ ದಳ ನಡೆದುಕೊಳ್ಳುವ ಹಾಗೆ ಗುಂಪಾಗಿ ಆಡುವುದೇ ಮಿಲಿಟರಿ ಸಿಮ್ಯುಲೇಷನ್, ಚಿಕ್ಕದಾಗಿ ಮಿಲ್‌ಸಿಮ್. ಗಾಯವಾದರೆ ಬ್ಯಾಂಡೇಜ್ ಕಟ್ಟಲು ಒಬ್ಬ ಬೇಕು. ರೇಡಿಯೋದಲ್ಲಿ ದೂರ ಜಾಸ್ತಿಯಾದರೆ, ಗುಡ್ಡ ಅಡ್ಡ ಬಂದರೆ ದನಿ ಕೆಡುತ್ತದೆ. ಸತ್ತರೆ ಆ ರಾತ್ರಿ ಬಹುಪಾಲು ಪ್ರೇಕ್ಷಕ.

ಜನ ಸೇರಿಸುವುದು ಹೇಗೆ? ಇಂಥ ಯೂನಿಟ್ ಹುಡುಕುವವರಿಗೆ ಅಂತಲೇ ರೆಡ್ಡಿಟ್‌ನಲ್ಲಿ, ಆಟಗಾರರು ಹರಟುವ ಆಪ್ ಆದ ಡಿಸ್ಕಾರ್ಡ್‌ನಲ್ಲಿ ಜಾಗಗಳಿವೆ. ಅಲ್ಲಿನ ಜಾಹೀರಾತುಗಳನ್ನು ಓದಿದರೆ ಎಲ್ಲ ಒಂದೇ ಥರ. ‘ಉನ್ನತ ದರ್ಜೆಯ ವಿಶೇಷ ಪಡೆ’, ‘ಗಂಭೀರ ಆದರೆ ಮಜಾ’, ‘ಹೆಲಿಕಾಪ್ಟರ್ ಪೈಲಟ್ ಜಾಗ ಖಾಲಿ ಇದೆ’. ಸೇರಿ ನೋಡಿದರೆ ಆರು ಜನ ಇರುತ್ತಾರೆ, ಅದರಲ್ಲಿ ಒಬ್ಬ ಕರ್ನಲ್, ಇಬ್ಬರು ಮೇಜರ್. ನಾವು ಬೇಕಂತಲೇ ಉಲ್ಟಾ ಬರೆದೆವು. ನಮ್ಮ ಜಾಹೀರಾತು ಹೀಗೆ ಶುರುವಾಗುತ್ತದೆ:

‘ಇಲ್ಲಿ ಅರ್ಧ ಗಂಟೆ ಸುಮ್ನೆ ನಡೆಯಬೇಕಾಗಬಹುದು. ಒಂದು ಗುಂಡೂ ಹಾರಿಸದೆ ಸಾಯಬಹುದು. ಶನಿವಾರ ಬರಲಾಗದಿದ್ದರೆ ಶುಕ್ರವಾರವೇ ಹೇಳಬೇಕು. ಸ್ನೈಪರ್ ಜಾಗ ಇಲ್ಲ. ಇದನ್ನೆಲ್ಲ ಓದಿದ ಮೇಲೂ ಆಸೆ ಇದ್ದರೆ ಬನ್ನಿ.’

ಬರುವವರ ಸಂಖ್ಯೆ ಕಡಿಮೆಯೇ ಆಯಿತು. ಆದರೆ ಬಂದವರು ಉಳಿದರು. ‘ಸ್ನೈಪರ್ ಜಾಗ ಇಲ್ಲ’ ಅನ್ನುವ ಸಾಲಂತೂ ಒಳ್ಳೆ ಜರಡಿ. ಎಲ್ಲರಿಗೂ ಸ್ನೈಪರ್ ಆಗಬೇಕು, ಇಲ್ಲಾಂದ್ರೆ ಪೈಲಟ್. ಗುಂಪಿನ ಜೊತೆ ಇರದೆ ಒಬ್ಬನೇ ಗುಡ್ಡದ ಮೇಲೆ ಮಲಗಿಕೊಂಡು ಹೀರೋ ಆಗುವ ಆಸೆ. ನಮಗೆ ಬೇಕಾದದ್ದು ಎಂಟು ಜನರ ಸೆಕ್ಷನ್‌ನಲ್ಲಿ ಆರನೆಯವನಾಗಿ, ಬೇರೆಯವರ ಮೆಷಿನ್‌ಗನ್‌ಗೆ ಮದ್ದುಗುಂಡು ಹೊತ್ತುಕೊಂಡು ನಡೆಯಲು ಒಪ್ಪುವವನು.

ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪಬ್‌ಜಿ ಮೊಬೈಲ್ ಆಡಿ ಬೆಳೆದವರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದನ್ನೂ ಸೇರಿಸಿ 118 ಆಪ್‌ಗಳನ್ನು ನಿಷೇಧಿಸಿತಲ್ಲ, ಆಗ ಕಂಪ್ಯೂಟರ್ ಆಟಗಳ ಕಡೆ ಹೊರಳಿದವರು ಬಹಳ ಮಂದಿ. ಅವರ ಕೈ ಚುರುಕು, ಗುರಿ ನಮಗಿಂತ ಚೆನ್ನ. ನಿಲ್ಲುವುದು ಮಾತ್ರ ಬರುವುದಿಲ್ಲ. ಶಬ್ದ ಕೇಳಿದ ಕಡೆ ಓಡುತ್ತಾರೆ. ಅವರಿಗೆ ಗುಂಡು ಹೊಡೆಯುವುದನ್ನು ಕಲಿಸುವ ಕೆಲಸವೇ ಇಲ್ಲ. ಹೊಡೆಯದೆ ಇರುವುದನ್ನು ಕಲಿಸುವುದೇ ಕೆಲಸ.

ನಮ್ಮ ಫಾರಂ ಚಿಕ್ಕದು. ವಯಸ್ಸು 18 ತುಂಬಿದೆಯಾ, ಮೈಕ್ ಇದೆಯಾ, ಎಷ್ಟು ಜಿಬಿ ಜಾಗ ಖಾಲಿ ಇದೆ, ಯಾವ ವಾರಗಳಲ್ಲಿ ಬರಲಾಗುವುದಿಲ್ಲ. ಎಷ್ಟು ಗಂಟೆ ಆಡಿದ್ದೀರಿ ಅಂತ ಕೇಳುವುದಿಲ್ಲ. ಸಾವಿರಾರು ಗಂಟೆ ಆಡಿದವನು ತನಗೆ ಎಲ್ಲ ಗೊತ್ತು ಅಂತ ಬರುತ್ತಾನೆ, ಅವನ ಅಭ್ಯಾಸ ಬಿಡಿಸುವುದು ಹೊಸಬನಿಗೆ ಕಲಿಸುವುದಕ್ಕಿಂತ ಕಷ್ಟ. ಫಾರಂ ಆದ ಮೇಲೆ ಡಿಸ್ಕಾರ್ಡ್‌ನಲ್ಲಿ ಮಾತು. ಇಂಟರ್‌ವ್ಯೂ ಅಂತ ಕರೆದರೆ ಹುಡುಗರು ಹೆದರಿ ‘ಸರ್, ಸರ್’ ಅನ್ನಲು ಶುರು ಮಾಡುತ್ತಾರೆ. ಅದಕ್ಕೇ ನಾವು ಅದನ್ನು ಹರಟೆ ಅನ್ನುತ್ತೇವೆ. ಅಲ್ಲಿ ನಾನು ನೋಡುವುದು ಎರಡೇ. ಕರೆದ ಹೊತ್ತಿಗೆ ಬಂದನಾ? ಇನ್ನೊಬ್ಬರು ಮಾತಾಡುವಾಗ ಸುಮ್ಮನಿರುತ್ತಾನಾ? ಎರಡನೆಯದು ರೇಡಿಯೋದಲ್ಲಿ ಜೀವ ಉಳಿಸುವ ಗುಣ. ಎಂಟು ಜನ ಒಂದೇ ಚಾನೆಲ್‌ನಲ್ಲಿರುವಾಗ ಒಬ್ಬ ವಾಚಾಳಿ ಸಾಕು, ಇಡೀ ಸೆಕ್ಷನ್ ಕಿವುಡಾಗುತ್ತದೆ.

ಇದಾದ ಮೇಲೆ ಬರುವುದು ಮಾಡ್‌ಗಳ ಹಂತ. ಸೇರಲು ಬಂದವರಲ್ಲಿ ಜಾಸ್ತಿ ಜನ ಬಿಟ್ಟು ಹೋಗುವುದು ಇಲ್ಲೇ. ಆಟ ಶುರು ಮಾಡುವ ಲಾಂಚರ್‌ನಿಂದ ಮಾಡ್ ಪಟ್ಟಿಯ ಒಂದು ಎಚ್‌ಟಿಎಂಎಲ್ ಫೈಲ್ ತೆಗೆದು ಕಳಿಸುತ್ತೇವೆ, ಅದನ್ನು ಎಳೆದು ಹಾಕಿದರೆ ಪಟ್ಟಿಯಲ್ಲಿರುವುದೆಲ್ಲ ಆಟ ಮಾರುವ ತಾಣ ಸ್ಟೀಮ್‌ನ ವರ್ಕ್‌ಶಾಪ್‌ನಿಂದ ಇಳಿಯಬೇಕು. ಹತ್ತಾರು ಜಿಬಿ. ಹಳ್ಳಿಯ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಬದುಕುವವನಿಗೆ ಇದು ವಾರಗಟ್ಟಲೆಯ ಕೆಲಸ. ಇಳಿದ ಮೇಲೆ ರೇಡಿಯೋ ಮಾಡ್‌ಗೆ ಟೀಮ್‌ಸ್ಪೀಕ್ 3 ಅನ್ನುವ ಮಾತಾಡುವ ತಂತ್ರಾಂಶ ಬೇಕು, ಅದಕ್ಕೆ ಪ್ಲಗಿನ್ ಬೇರೆ ಹಾಕಬೇಕು, ಅದರ ಆವೃತ್ತಿ ಮಾಡ್‌ನ ಆವೃತ್ತಿಗೆ ಹೊಂದಬೇಕು. ಎಲ್ಲ ಸರಿ ಇದ್ದು ಸರ್ವರ್‌ಗೆ ಬಂದರೆ ಮಾಡ್‌ನ ಡಿಜಿಟಲ್ ಸಹಿ ಹೊಂದಲಿಲ್ಲ ಅಂತ ಹೊರಗೆ ದಬ್ಬುತ್ತದೆ. ಯಾಕೆ? ಹಿಂದಿನ ದಿನ ಯಾವುದೋ ಮಾಡ್ ಅಪ್‌ಡೇಟ್ ಆಗಿದೆ, ಸರ್ವರ್‌ನಲ್ಲಿ ಹಳೆಯ ಕೀ ಕೂತಿದೆ.

ಆದ್ದರಿಂದ ಮಾಡ್ ಪಟ್ಟಿಯನ್ನು ಕತ್ತರಿಸಿ ಕತ್ತರಿಸಿ ಚಿಕ್ಕದು ಮಾಡಿದೆವು. ಗಾಯ, ಚಿಕಿತ್ಸೆ, ಗುಂಡಿನ ಹಾದಿಗೆ ಏಸ್ 3. ರೇಡಿಯೋಗೆ ಟಾಸ್ಕ್ ಫೋರ್ಸ್ ರೇಡಿಯೋ. ಅವೆರಡಕ್ಕೂ ಆಧಾರವಾದ ಸಿಬಿಎ. ಸಲಕರಣೆಗೆ ಒಂದು ದೊಡ್ಡ ಮಾಡ್, ನಕ್ಷೆ ಆಟದ ಜೊತೆ ಬಂದದ್ದೇ. ಯಾರಾದರೂ ಹೊಸ ಮಾಡ್ ಬೇಕು ಅಂದರೆ, ಪಟ್ಟಿಯಿಂದ ಯಾವುದನ್ನು ತೆಗೆಯೋಣ ಹೇಳಿ ಅನ್ನುತ್ತೇವೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಜೊತೆಗೆ ಒಬ್ಬರನ್ನು ಈ ಕೆಲಸಕ್ಕೇ ಇಟ್ಟಿದ್ದೇವೆ. ವಾರದ ಒಂದು ಸಂಜೆ ಹೊಸಬರ ಸ್ಕ್ರೀನ್ ನೋಡಿಕೊಂಡು ಎಲ್ಲ ಕೂಡಿಸಿಕೊಡುವುದು ಅವರ ಜವಾಬ್ದಾರಿ. ನಮ್ಮ ಯೂನಿಟ್ ಉಳಿದಿರುವುದಕ್ಕೆ ದೊಡ್ಡ ಕಾರಣ ಅವರೇ, ಆಟದಲ್ಲಿ ಅವರ ಗುರಿ ನೋಡಿದರೆ ನಗು ಬರುತ್ತದೆ ಅನ್ನುವುದು ಬೇರೆ ಮಾತು.

ತರಬೇತಿ ನಡೆಯುವುದು ಆಟದೊಳಗಿನ ಸ್ಟ್ರಾಟಿಸ್ ಅನ್ನುವ ಚಿಕ್ಕ ದ್ವೀಪದಲ್ಲಿ. ಮೂರು ಪಾಠ: ನಡೆಯುವುದು, ಮಾತಾಡುವುದು, ಗಾಯ ನೋಡುವುದು. ನಡೆಯುವ ಪಾಠದಲ್ಲಿ ಒಬ್ಬರಿಂದೊಬ್ಬರಿಗೆ ಅಂತರ ಬಿಟ್ಟು ನಡೆಯಬೇಕು. ಗಣೇಶನ ಮೆರವಣಿಗೆ ಥರ ಗುಂಪಾಗಿ ಹೋದರೆ ಒಂದೇ ಗ್ರೆನೇಡ್‌ಗೆ ಎಲ್ಲರೂ ಹೋಗುತ್ತಾರೆ ಅಂತ ಹೇಳುತ್ತೇವೆ. ನಂಬುವುದಿಲ್ಲ. ಒಂದು ಗ್ರೆನೇಡ್ ಹಾಕಿ ತೋರಿಸುತ್ತೇವೆ. ಆಮೇಲೆ ನಂಬುತ್ತಾರೆ.

ಮಾತಾಡುವ ಪಾಠ ಪ್ರತಿ ಸಲವೂ ಹೆಚ್ಚು ಕಡಿಮೆ ಹೀಗೇ ಸಾಗುತ್ತದೆ. ಆಗಿಯಾ ಮರೀನಾ ಹಳ್ಳಿಯ ಮೇಲಿನ ಗುಡ್ಡ. ಹೊಸ ಹುಡುಗ ರೇಡಿಯೋದ ಬಟನ್ ಆದ ಕ್ಯಾಪ್ಸ್ ಲಾಕ್ ಒತ್ತಿಕೊಂಡು ಕಿರುಚುತ್ತಾನೆ.

“ಅಣ್ಣಾ, ಎನಿಮಿ! ಎಡಗಡೆ, ಎಡಗಡೆ!”

“ಯಾರ ಎಡಗಡೆ?”

“ನನ್ನ ಎಡಗಡೆ ಅಣ್ಣಾ!”

“ನೀನೆಲ್ಲಿದ್ದೀಯಾ ಮಾರಾಯ?”

“ಮರದ ಹತ್ರ.”

ಗುಡ್ಡದ ತುಂಬ ಮರ. ಅಷ್ಟರಲ್ಲಿ ಅವನಿಗೆ ಗುಂಡು ಬಿದ್ದಿರುತ್ತದೆ, ಪಕ್ಕದವನಿಗೂ. ನಿಧಾನಕ್ಕೆ ಮತ್ತೆ ಹೇಳಿಸುತ್ತೇವೆ. ದಿಕ್ಸೂಚಿ ನೋಡು. ಮೊದಲು ದಿಕ್ಕಿನ ಡಿಗ್ರಿ, ಆಮೇಲೆ ಎಷ್ಟು ದೂರ, ಆಮೇಲೆ ಏನು ಕಂಡಿತು. “ಕಾಂಟ್ಯಾಕ್ಟ್, ಬೇರಿಂಗ್ 0-4-0, 200 ಮೀಟರ್, ಇಬ್ಬರು, ಗೋಡೆ ಹಿಂದೆ.” ಇಷ್ಟೇ. ಬಟನ್ ಬಿಡು. ಕೆಲವು ಶನಿವಾರ ಕಳೆದ ಮೇಲೆ ಅದೇ ಹುಡುಗ ತಣ್ಣಗೆ ಈ ಸಾಲು ಹೇಳುವುದನ್ನು ಕೇಳಿದರೆ ನನಗಂತೂ ಒಳ್ಳೆ ಖುಷಿ.

ರೇಡಿಯೋದಲ್ಲಿ ಯಾವ ಭಾಷೆ ಅನ್ನುವುದಕ್ಕೆ ಮೊದಲು ಸ್ವಲ್ಪ ಜಟಾಪಟಿ ಆಯಿತು. ಹೈದರಾಬಾದ್, ಕೊಚ್ಚಿ ಕಡೆಯವರು ಕೆಲವರು ಸೇರಿಕೊಂಡಿದ್ದರು. ಕೊನೆಗೆ ಅಂಕಿ, ಆದೇಶ ಇಂಗ್ಲಿಷ್‌ನಲ್ಲಿ, ಸೆಕ್ಷನ್ ಒಳಗಿನ ಮಾತು ಅವರವರಿಗೆ ಬಂದ ಹಾಗೆ ಅಂತ ಆಯಿತು. ಬೈಗುಳ ಎಲ್ಲರದೂ ಅವರವರ ಮಾತೃಭಾಷೆಯಲ್ಲೇ. ಅದಕ್ಕೆ ನಿಯಮ ಬೇಕಾಗಲಿಲ್ಲ.

ಗಾಯದ ಪಾಠದಲ್ಲಿ ನನಗೆ ಇಷ್ಟವಾದದ್ದು ಟೂರ್ನಿಕೆಟ್. ಕೈಗೆ ಗುಂಡು ತಗುಲಿ ರಕ್ತ ಹರಿಯುತ್ತಿದ್ದರೆ ಮೊದಲು ಬಿಗಿ ಪಟ್ಟಿ ಕಟ್ಟಬೇಕು, ಆಮೇಲೆ ಬ್ಯಾಂಡೇಜ್, ಆಮೇಲೆ ಸಲೈನ್. ಹೊಸ ಮೆಡಿಕ್ ಎಲ್ಲ ಸರಿಯಾಗಿ ಮಾಡಿ, ಅದೇ ಕೈಗೆ ಸಲೈನ್ ಏರಿಸಿ ಕಾಯುತ್ತಾ ಕೂರುತ್ತಾನೆ. ರೋಗಿ ಏಳುವುದಿಲ್ಲ. ಯಾಕೆಂದರೆ ಪಟ್ಟಿ ಬಿಚ್ಚಿಲ್ಲ, ಸಲೈನ್ ಒಳಗೆ ಹೋಗುತ್ತಲೇ ಇಲ್ಲ. ಏಸ್ ಮಾಡ್ ಬರೆದವರು ಇಷ್ಟರ ಮಟ್ಟಿಗೆ ಯೋಚಿಸಿದ್ದಾರೆ. ನಾವು ಬಾಯಿ ಬಿಡುವುದಿಲ್ಲ, ಅವನೇ ಕಂಡುಹಿಡಿಯಲಿ ಅಂತ ಬಿಡುತ್ತೇವೆ. ಒಮ್ಮೆ ಕಂಡುಹಿಡಿದವನು ಮತ್ತೆ ಮರೆಯುವುದಿಲ್ಲ.

ಇನ್ನು ರ‍್ಯಾಂಕ್ ವಿಷಯ. ಬಹಳ ಯೂನಿಟ್‌ಗಳು ಒಡೆಯುವುದು ಇಲ್ಲೇ. ನಮ್ಮ ಭೂಸೇನೆಯ ಪದಾತಿ ಸೆಕ್ಷನ್‌ನಲ್ಲಿ 10 ಜನ ಇರುತ್ತಾರೆ, ಹವಾಲ್ದಾರ್ ಅದರ ಕಮಾಂಡರ್. ನಾವು ಬ್ರಿಟಿಷರ ಥರ ಎಂಟು ಜನರ ಸೆಕ್ಷನ್ ಇಟ್ಟುಕೊಂಡೆವು, ನಾಲ್ಕು ನಾಲ್ಕು ಜನರ ಎರಡು ಫೈರ್‌ಟೀಮ್. ಬರುವ ಜನಕ್ಕೆ ಈ ಅಳತೆ ಹೊಂದುತ್ತದೆ. ಆದರೆ ಹವಾಲ್ದಾರ್, ಸುಬೇದಾರ್ ಅಂತೆಲ್ಲ ಕರೆದುಕೊಳ್ಳುವುದು ಬೇಡ ಅಂತ ಮೊದಲೇ ತೀರ್ಮಾನಿಸಿದೆವು. ನಿಜವಾದ ರೆಜಿಮೆಂಟ್ ಹೆಸರು, ಲಾಂಛನವೂ ಬೇಡ. ಅದನ್ನೆಲ್ಲ ಬೆವರು ಸುರಿಸಿ ಗಳಿಸಿದವರು ಬೇರೆ ಇದ್ದಾರೆ. ನಾವು ಕುರ್ಚಿಯ ಮೇಲೆ ಕೂತವರು. ನಮ್ಮಲ್ಲಿ ಇರುವುದು ಆ ರಾತ್ರಿಯ ಜವಾಬ್ದಾರಿ ಮಾತ್ರ. ಇವತ್ತು ಸೆಕ್ಷನ್ ಕಮಾಂಡರ್ ಆದವನು ಮುಂದಿನ ವಾರ ಬರೀ ರೈಫಲ್‌ಮನ್ ಆಗಬಹುದು. ಇದು ಒಗ್ಗದೆ ಒಬ್ಬಿಬ್ಬರು ಬಿಟ್ಟು ಹೋದರು. ಅವರಿಗೆ ಎದೆ ಮೇಲೆ ಪಟ್ಟಿ ಬೇಕಿತ್ತು, ಹೋಗಲಿ ಬಿಡಿ.

ಸೆಕ್ಷನ್ ಕಮಾಂಡರ್‌ಗಳು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಹದಿನಾರು ಜನ ಬಂದರೂ ಇಬ್ಬರು ಕಮಾಂಡರ್ ಇಲ್ಲದಿದ್ದರೆ ಎರಡು ಸೆಕ್ಷನ್ ಆಗುವುದಿಲ್ಲ, ಒಂದು ಜಾತ್ರೆ ಆಗುತ್ತದೆ. ಕಮಾಂಡರ್ ಆದವನು ಬಂದೂಕಿಗಿಂತ ನಕ್ಷೆ ಜಾಸ್ತಿ ನೋಡಬೇಕು. ಒಂದು ಕಿವಿಯಲ್ಲಿ ತನ್ನವರು, ಇನ್ನೊಂದರಲ್ಲಿ ಮೇಲಿನವರು. ಯಾರಿಗೂ ಮೊದಲು ಇಷ್ಟ ಆಗುವುದಿಲ್ಲ. ನಾವು ಮಾಡಿದ್ದು ಇಷ್ಟೇ: ಚಿಕ್ಕ ಗಸ್ತಿನ ಆಪರೇಷನ್ ಇರುವ ವಾರಗಳಲ್ಲಿ ನಾಲ್ಕು ಜನರ ಫೈರ್‌ಟೀಮನ್ನು ಹೊಸಬರ ಕೈಗೆ ಕೊಟ್ಟು, ಅನುಭವಸ್ಥರನ್ನು ಅವರ ಕೆಳಗೆ ಹಾಕಿದೆವು. ಹಳಬರಿಗೆ ಬಾಯಿ ಮುಚ್ಚಿಕೊಂಡು ಇರಬೇಕು ಅನ್ನುವುದೇ ಆದೇಶ. ಹುಬ್ಬಳ್ಳಿಯ ಗೆಳೆಯನಿಗೆ ಇದು ಬಹಳ ಕಷ್ಟ. “ಏನ್ಲೇ ತಮ್ಮಾ, ಅಲ್ಲಿ ಯಾಕ್ ಹೊಂಟೀ” ಅಂತ ಗೊಣಗುತ್ತಲೇ ಹಿಂದೆ ಹೋಗುತ್ತಾನೆ.

ಇನ್ನೊಬ್ಬ ಕಾಣದ ಕೆಲಸಗಾರ ಜ್ಯೂಸ್ (Zeus, ಗ್ರೀಕರ ದೇವರ ಹೆಸರು). ಆಟದಲ್ಲಿ ಮೇಲಿನಿಂದ ಇಡೀ ನಕ್ಷೆ ನೋಡುತ್ತಾ ಶತ್ರುಗಳನ್ನು ಇಡುವವನು, ಕದಲಿಸುವವನು. 2014ರಲ್ಲಿ ಬೊಹೀಮಿಯಾ ಈ ಸೌಲಭ್ಯವನ್ನು ಪುಕ್ಕಟೆಯಾಗಿ ಕೊಟ್ಟಿತು. ಅವನು ಆ ರಾತ್ರಿ ನಮ್ಮ ಜೊತೆ ಆಡುವುದಿಲ್ಲ, ನಮ್ಮನ್ನು ಆಡಿಸುತ್ತಾನೆ. ಎರಡು ಗಂಟೆಯ ಆಟಕ್ಕೆ ವಾರದ ಎಷ್ಟೋ ಸಂಜೆ ಮಿಷನ್ ಕಟ್ಟುವ ಎಡಿಟರ್ ಮುಂದೆ ಕೂತಿರುತ್ತಾನೆ. ಮೈಸೂರಿನವನು ಎಡೆಬಿಡದೆ ಇದನ್ನೇ ಮಾಡಿ ಒಂದು ದಿನ “ಸಾಕು ಗುರು, ನನಗೂ ಬಂದೂಕು ಕೊಡಿ” ಅಂದ. ಅಂದಿನಿಂದ ಸರದಿ ಹಾಕಿದ್ದೇವೆ. ಮಿಷನ್ ಮಾಡಲು ಕಲಿಯಲು ಸಿದ್ಧ ಅಂತ ಫಾರಂನಲ್ಲಿ ಬರೆದವರಿಗೆ, ಬೇರೇನೂ ಬರದಿದ್ದರೂ ಸರಿ, ಬಾಗಿಲು ತೆರೆದೇ ಇದೆ.

ಹಾಜರಿ? ಡಿಸ್ಕಾರ್ಡ್‌ನಲ್ಲಿ ಹಾಜರಿ ಕೇಳುವ ಬಾಟ್ (ತಾನೇ ಕೆಲಸ ಮಾಡುವ ಪ್ರೋಗ್ರಾಂ) ಹಾಕಿದ್ದೇವೆ, ಬರ್ತೀನಿ, ಬರಲ್ಲ, ನೋಡ್ತೀನಿ ಅಂತ ಒತ್ತಬೇಕು. ‘ನೋಡ್ತೀನಿ’ ಅಂದವರನ್ನು ಬರಲ್ಲ ಅಂತಲೇ ಲೆಕ್ಕ ಹಾಕುತ್ತೇವೆ. ಐಪಿಎಲ್ ತಿಂಗಳುಗಳಲ್ಲಿ ಅರ್ಧ ಜನ ಮಾಯ, ಶನಿವಾರ ಆರ್‌ಸಿಬಿ ಮ್ಯಾಚ್ ಇದ್ದರೆ ಆಪರೇಷನ್ನೇ ಇಡುವುದಿಲ್ಲ. ಪರೀಕ್ಷೆ, ದೀಪಾವಳಿ, ಊರ ಹಬ್ಬ, ಮದುವೆ ಸೀಸನ್. ಮಳೆಗಾಲದಲ್ಲಿ ಮಲೆನಾಡಿನವರಿಗೆ ಕರೆಂಟೇ ಇರುವುದಿಲ್ಲ. ಇವನ್ನೆಲ್ಲ ಬೈದು ಪ್ರಯೋಜನ ಇಲ್ಲ. ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ದೊಡ್ಡ ಆಪರೇಷನ್ ಯಾವಾಗ, ಚಿಕ್ಕ ಗಸ್ತು ಯಾವಾಗ ಅಂತ ಹಾಕುವುದೇ ಸರಿ. ಹೇಳದೆ ಕೇಳದೆ ಸತತ ಮೂರು ವಾರ ತಪ್ಪಿಸಿದರೆ ಹೆಸರು ತೆಗೆಯುತ್ತೇವೆ, ಜಗಳ ಇಲ್ಲ, ಮತ್ತೆ ಬರಬೇಕಾದರೆ ಬರಬಹುದು. ಸರ್ವರ್ ಬಾಡಿಗೆಯನ್ನು ಕೊಡಬೇಕು ಅನ್ನಿಸಿದವರು ಯುಪಿಐನಲ್ಲಿ ಹಂಚಿಕೊಳ್ಳುತ್ತಾರೆ. ದುಡ್ಡು ಕೊಟ್ಟವರಿಗೆ ವಿಶೇಷ ಜಾಗ, ವಿಶೇಷ ಬಂದೂಕು ಏನೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಬಿಗಿ. ಈಗ ನಡೆಯುತ್ತಿರುವ ನಿಜವಾದ ಯುದ್ಧದ ಮೇಲೆ ಮಿಷನ್ ಮಾಡುವುದಿಲ್ಲ. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನದ ನಡುವೆ ಸಂಘರ್ಷ ನಡೆದಾಗ ಸೇರಬೇಕು ಅಂತ ಬಂದವರಲ್ಲಿ ಕೆಲವರಿಗೆ ಬೇಕಾಗಿದ್ದೇ ಅದು. ಒಬ್ಬನಂತೂ “ಬಾರ್ಡರ್ ಮ್ಯಾಪ್ ಇದೆಯಾ, ಇವತ್ತೇ ಆಡೋಣ” ಅಂದ. ಬೇಡಪ್ಪ ಅಂದೆವು. ನಮ್ಮ ಹುಡುಗರಲ್ಲೇ ಅಣ್ಣ, ಮಾವ ಸೈನ್ಯದಲ್ಲಿ ಇರುವವರು ಇದ್ದಾರೆ. ಅವರ ಮನೆಯಲ್ಲಿ ಆ ದಿನಗಳಲ್ಲಿ ಟಿವಿ ಮುಂದೆ ಕೂತವರು ಎದ್ದಿರಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಮನೆಯ ವಾಟ್ಸಾಪ್ ಗ್ರೂಪ್‌ಗೂ ಒಂದು ವಿಡಿಯೋ ಬಂತು. ಕತ್ತಲಲ್ಲಿ ಕೆಂಪು ಗುಂಡುಗಳ ಸಾಲು ವಿಮಾನದ ಹಿಂದೆ ಓಡುತ್ತದೆ. ದೊಡ್ಡಪ್ಪ ‘ನಮ್ಮವರು ಹೊಡೆದ್ರು ನೋಡು’ ಅಂತ ಬರೆದಿದ್ದರು. ಕ್ಯಾಮೆರಾ ಅಲುಗಾಡುತ್ತಿತ್ತು, ಚಿತ್ರ ಮಸುಕು, ಒಬ್ಬ ಮನುಷ್ಯನೂ ಕಾಣುವುದಿಲ್ಲ. ನನಗೆ ನೋಡಿದ ತಕ್ಷಣ ಗೊತ್ತಾಯಿತು, ಆರ್ಮಾ 3ರ ತೋಪು ಅದು. “ಅದು ಆಟ ದೊಡ್ಡಪ್ಪ” ಅಂದರೆ ಒಪ್ಪಲಿಲ್ಲ. ಬೊಹೀಮಿಯಾ ಕಂಪನಿಯೇ 2022ರ ನವೆಂಬರ್‌ನಲ್ಲಿ ಇಂಥ ವಿಡಿಯೋಗಳನ್ನು ಗುರುತಿಸುವುದು ಹೇಗೆ ಅಂತ ಹೇಳಿಕೆ ಕೊಟ್ಟಿದೆ: ಮಸುಕು ಚಿತ್ರ, ಅಲುಗುವ ಕ್ಯಾಮೆರಾ, ಕತ್ತಲು, ಸದ್ದು ಇಲ್ಲದಿರುವುದು. ದೊಡ್ಡಪ್ಪನ ಆ ವಿಡಿಯೋ ಬಂದಾಗಿನಿಂದ ನಮ್ಮಲ್ಲಿ ಯಾರೇ ಆಪರೇಷನ್ ರೆಕಾರ್ಡ್ ಮಾಡಿ ಹಾಕಿದರೂ ಚಿತ್ರದ ನಡುವೆಯೇ ಆಟದ ಹೆಸರು ಇರಬೇಕು. ಮೂಲೆಯಲ್ಲಿ ಹಾಕಿದರೆ ಯಾರಾದರೂ ಕತ್ತರಿಸಿ ಕಳಿಸುತ್ತಾರೆ. ಸೇವೆಯಲ್ಲಿರುವ ಸೈನಿಕರು ಸೇರುತ್ತೀವಿ ಅಂದರೂ ಕೈಮುಗಿದು ಬೇಡ ಅನ್ನುತ್ತೇವೆ. 2020ರ ಜುಲೈನಲ್ಲಿ ಭೂಸೇನೆ ತನ್ನವರಿಗೆ 89 ಆಪ್ ತೆಗೆಯಿರಿ ಅಂತ ಹೇಳಿದ ಪಟ್ಟಿಯಲ್ಲಿ ಫೇಸ್‌ಬುಕ್ಕೂ ಇತ್ತು, ಪಬ್‌ಜಿಯೂ ಇತ್ತು. ಅಪರಿಚಿತರ ಜೊತೆ ಮೈಕ್ ಹಾಕಿಕೊಂಡು ಕೂರುವ ಜಾಗ ಅವರಿಗೆ ಒಳ್ಳೆಯದಲ್ಲ.

ಈಗ ನಮ್ಮೊಳಗಿನ ಚರ್ಚೆ ಆರ್ಮಾ ರಿಫೋರ್ಜರ್‌ಗೆ ಹೋಗುವುದಾ ಬೇಡವಾ ಅನ್ನುವುದು. 2022ರಲ್ಲಿ ಬಂದ ಆಟ, ಹೊಸ ಎಂಜಿನ್, ನೋಡಲು ಚೆಂದ. ಸರ್ವರ್‌ಗೆ ಸೇರಿದರೆ ಮಾಡ್‌ಗಳು ತಾವೇ ಇಳಿಯುತ್ತವೆ. ಹಾಟ್‌ಸ್ಪಾಟ್‌ನವರಿಗೆ ಜಿಬಿ ಲೆಕ್ಕ ತಪ್ಪುವುದಿಲ್ಲ, ಆದರೆ ಸಹಿ, ಪ್ಲಗಿನ್ ಗೋಳು ತಪ್ಪುತ್ತದೆ. ಆರ್ಮಾ 4, 2027ಕ್ಕೆ ಅಂತ ಕಂಪನಿ ಹೇಳಿದೆ. ದುಬೈ ಅಣ್ಣನ ವಾದ, ಅಲ್ಲಿವರೆಗೂ ಇರುವುದರಲ್ಲೇ ಇರೋಣ, ನಮ್ಮ ಹಳೆಯ ಲ್ಯಾಪ್‌ಟಾಪ್‌ನವರನ್ನು ಬಿಟ್ಟು ಹೋಗುವುದು ಬೇಡ. ಹುಬ್ಬಳ್ಳಿಯವನು ಆಗಲೇ ರಿಫೋರ್ಜರ್ ತಗೊಂಡು ಎರಡೂ ಕಡೆ ಕಾಲಿಟ್ಟಿದ್ದಾನೆ. ಮತ ಹಾಕಿಸಬೇಕು.

ಅದು ತೀರ್ಮಾನವಾಗುವವರೆಗೆ ಈ ಶನಿವಾರ ಆಲ್ಟಿಸ್‌ನಲ್ಲೇ. ನಿಯೋಖೋರಿ ಹಳ್ಳಿಗೆ ಪಶ್ಚಿಮದ ಗುಡ್ಡದಿಂದ ಕಾಲ್ನಡಿಗೆ, ಬ್ರೀಫಿಂಗ್ 9:15ಕ್ಕೆ. ಎರಡನೇ ಸೆಕ್ಷನ್‌ಗೆ ಮೆಡಿಕ್ ಇನ್ನೂ ಸಿಕ್ಕಿಲ್ಲ.